ಗ್ಲುಟೆನ್ ಬಿಟ್ಟ ಹೊಸತರಲ್ಲಿ ಪ್ಯಾಕೆಟ್ ತಿಂಡಿ ಆರಿಸುವುದು ಹೇಗೆ?

ಸೀಲಿಯಾಕ್ ಎಂದರೆ ಗೋಧಿಯಂಥ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನಿನಿಂದ ಸಣ್ಣ ಕರುಳಿಗೆ ಏಟು ಬೀಳುವ ಕಾಯಿಲೆ. ಅದರ ಅನುಮಾನವಿದ್ದು ಪರೀಕ್ಷೆ ಇನ್ನೂ ಆಗಿಲ್ಲವಾದರೆ, ದಯವಿಟ್ಟು ಈಗಲೇ ಚಪಾತಿ ಬಿಡಬೇಡಿ. ಈ ಕಾಯಿಲೆ ಪತ್ತೆಮಾಡುವ ಟಿಟಿಜಿ ರಕ್ತಪರೀಕ್ಷೆಯಾಗಲಿ, ಸಣ್ಣ ಕರುಳಿನ ಬಯಾಪ್ಸಿಯಾಗಲಿ (ಚೂರು ತೆಗೆದು ನೋಡುವ ಪರೀಕ್ಷೆ) ಗೋಧಿ ತಿನ್ನುತ್ತಿರುವಾಗಲೇ ಆಗಬೇಕು. ಬಿಟ್ಟ ಮೇಲೆ ಮಾಡಿಸಿದರೆ ಕಾಯಿಲೆ ಇದ್ದೂ ಇಲ್ಲವೆಂದು ಬರಬಹುದು.

ಗೋಧಿ, ಬಾರ್ಲಿ, ರೈ (ಗೋಧಿಯಂಥ ಧಾನ್ಯ, ಸಾಸಿವೆಯಲ್ಲ) ಮೂರನ್ನೂ ಬಿಡಿ ಎಂದು ವೈದ್ಯರು ಹೇಳಿದರೆ ಮುಂದಿನ ಕೆಲಸ ಅಂಗಡಿಯಲ್ಲಿ. ಮುಂಬಯಿಯ ಮಾಟುಂಗಾದಲ್ಲಿ ಕೊಳ್ಳಿ, ಪುಣೆಯ ಲಕ್ಷ್ಮಿ ರಸ್ತೆಯಲ್ಲಿ ಕೊಳ್ಳಿ, ಪ್ಯಾಕೆಟ್ ತಿರುಗಿಸಿ ಹಿಂಬದಿ ಓದಿ. ಅಕ್ಷರ ಸಣ್ಣದಿದ್ದರೆ ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ. ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆದಿರುತ್ತಾರೆ. ಮುಂದೆ ರಾಗಿ ತೆನೆಯ ಚಿತ್ರವಿರುವ ಬಿಸ್ಕೆಟ್‌ನ ಹಿಂದೆ ಮೊದಲ ಹೆಸರೇ ಮೈದಾ ಅಥವಾ ಗೋಧಿ ಹಿಟ್ಟು ಇರುವುದು ತೀರಾ ಸಾಮಾನ್ಯ. ‘ಮಲ್ಟಿಗ್ರೇನ್’ ಎಂದರೂ ಗೋಧಿ ಇರುತ್ತದೆಂದೇ ಹಿಡಿಯಿರಿ.

ಪದಾರ್ಥಗಳ ಪಟ್ಟಿಯ ಹತ್ತಿರವೇ ‘ಕಂಟೇನ್ಸ್’ ಎಂಬ ಅಲರ್ಜಿ ಸಾಲು ಇರುತ್ತದೆ. ಅಲ್ಲಿ ವೀಟ್ ಅಥವಾ ಗ್ಲುಟೆನ್ ಕಂಡರೆ ವಾಪಸ್ ಇಡಿ. ‘ಮೇ ಕಂಟೇನ್ ವೀಟ್’ ಎಂದಿದ್ದರೂ ಸೀಲಿಯಾಕ್ ಇರುವವರು ಬಿಡಬೇಕು. ಆ ಸಾಲೇ ಇಲ್ಲವೆಂದಾಕ್ಷಣ ಗೋಧಿ ಮುಟ್ಟದ ಯಂತ್ರದಲ್ಲಿ ತಯಾರಾಗಿದೆ ಎಂದು ನಂಬಬೇಡಿ. ಭರವಸೆ ಇಡಬಹುದಾದ ಮಾತು ‘ಗ್ಲುಟೆನ್ ಫ್ರೀ’: ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನಿಯಮದಂತೆ ಕಿಲೋಗೆ 20 ಮಿಲಿಗ್ರಾಂ ಮೀರಿ ಗ್ಲುಟೆನ್ ಇರುವಂತಿಲ್ಲ. ‘ಲೋ ಗ್ಲುಟೆನ್’ ಬೇರೆ, ಅದರಲ್ಲಿ 100ರವರೆಗೂ ಇರಬಹುದು. ‘ವೀಟ್ ಫ್ರೀ’ ಎಂದಷ್ಟೇ ಬರೆದಿದ್ದರೆ ಬಾರ್ಲಿ ಇದ್ದೀತು.

ಈಗ ಅವಲಕ್ಕಿ ಚಿವಡಾ ಪ್ಯಾಕೆಟ್ಟೊಂದನ್ನು ಓದೋಣ. ಅವಲಕ್ಕಿ, ಎಣ್ಣೆ, ಶೇಂಗಾ, ಪುಟಾಣಿ, ಸಕ್ಕರೆ, ಉಪ್ಪು, ಅರಿಶಿನ, ಕರಿಬೇವು. ಎಲ್ಲವೂ ಸರಿ ಎನ್ನುವಷ್ಟರಲ್ಲಿ ಕೊನೆಯಲ್ಲಿ ಇಂಗು. ಹೊಸಬರು ಎಡವುವುದು ಇಲ್ಲಿಯೇ. ಬರೀ ಇಂಗು ಅಂಟು, ವಿಪರೀತ ಘಾಟು. ಅದಕ್ಕೇ ಗೋಂದು ಮತ್ತು ಹಿಟ್ಟು ಬೆರೆಸಿ ‘ಕಂಪೌಂಡೆಡ್’ ಇಂಗು ಮಾಡುತ್ತಾರೆ. ಆ ಹಿಟ್ಟು ಬಹಳ ಸಲ ಗೋಧಿಯದು, ಕೆಲವರು ಅಕ್ಕಿಹಿಟ್ಟು ಹಾಕುತ್ತಾರೆ. ಯಾವ ಹಿಟ್ಟೆಂದು ಬರೆದಿಲ್ಲವಾದರೆ ಪ್ಯಾಕೆಟ್ ಮೇಲಿನ ಗ್ರಾಹಕ ಸಂಖ್ಯೆಗೆ ಫೋನ್ ಮಾಡಿ ಎರಡೇ ಪ್ರಶ್ನೆ ಕೇಳಿ: ಇಂಗಿನಲ್ಲಿ ಯಾವ ಹಿಟ್ಟು? ಅದೇ ಕಡಾಯಿಯಲ್ಲಿ ಮೈದಾ ತಿಂಡಿ ಕರಿಯುತ್ತೀರಾ? ಉತ್ತರ ಸಿಗುವವರೆಗೆ ಬೇಡ.

ಮಸಾಲೆ ಚಿಪ್ಸ್‌ನಲ್ಲಿ ಸೋಯಾ ಸಾಸ್ ಪುಡಿ, ಮಾಲ್ಟ್ ಎಕ್ಸ್‌ಟ್ರಾಕ್ಟ್ ಹುಡುಕಿ. ಮೊದಲಿನದರಲ್ಲಿ ಸಾಮಾನ್ಯವಾಗಿ ಗೋಧಿ ಇರುತ್ತದೆ, ಎರಡನೆಯದು ಬಾರ್ಲಿಯದು. ಆಲೂಗಡ್ಡೆ, ಎಣ್ಣೆ, ಉಪ್ಪು ಇಷ್ಟೇ ಇರುವ ಚಿಪ್ಸ್ ಮೊದಲ ತಿಂಗಳಿಗೆ ಸಾಕು. ಓಟ್ಸ್ ಗೋಧಿಯ ಜೊತೆ ಬೆರೆತಿರುವ ಸಾಧ್ಯತೆ ಹೆಚ್ಚು. ಗ್ಲುಟೆನ್ ಫ್ರೀ ಎಂದಿದ್ದರೂ ವೈದ್ಯರನ್ನು ಕೇಳಿಯೇ ಶುರುಮಾಡಿ.

ಮಹಾರಾಷ್ಟ್ರದಲ್ಲಿ ಕೊಳ್ಳುವಾಗ ಮರಾಠಿ ಹೆಸರುಗಳಲ್ಲೂ ಎಚ್ಚರವಿರಲಿ. ಗಹೂ, ಕಣೀಕ್, ರವಾ ಎಲ್ಲವೂ ಗೋಧಿಯೇ. ‘ಜವ’ ಎಂದರೆ ಬಾರ್ಲಿ, ಬೇಡ. ‘ಜವಸ್’ ಎಂದರೆ ಅಗಸೆ, ‘ಜ್ವಾರಿ’ ಜೋಳ, ಇವೆರಡರಲ್ಲಿ ಗ್ಲುಟೆನ್ ಇಲ್ಲ. ಪುಣೆಯಲ್ಲಿ ಆರೋಗ್ಯಕ್ಕೆ ಒಳ್ಳೆಯದೆಂದು ಮಾರುವ ಖಪಲಿಯೂ ಗೋಧಿಯ ಜಾತಿಯೇ. ಭಾಕರ್‌ವಡಿ, ಶಂಕರಪಾಳಿಗಳಲ್ಲಿ ಮೈದಾ. ನಮ್ಮ ಕೋಡುಬಳೆ, ನಿಪ್ಪಟ್ಟಿಗೂ ಗರಿಗರಿಯಾಗಲೆಂದು ಮೈದಾ, ರವೆ ಸೇರಿಸುವವರಿದ್ದಾರೆ. ಗೋವಾದ ಸಿಹಿತಿಂಡಿಗಳಲ್ಲಿ ಬೆಬಿಂಕಾದಲ್ಲಿ ಮೈದಾ ಇದೆ. ದೋದೋಲ್ ಅಕ್ಕಿಹಿಟ್ಟು, ಬೆಲ್ಲ, ತೆಂಗಿನಹಾಲಿನದು.

ಹುಡುಕಾಟವನ್ನು ಉಪವಾಸದ ತಿಂಡಿಗಳ ಕಪಾಟಿನಿಂದ ಶುರುಮಾಡಿದರೆ ಸುಲಭ. ರಾಜಗಿರಾ ಚಿಕ್ಕಿ, ಸಾಬೂದಾಣಾ ಚಿವಡಾ, ಬಟಾಟಾ ಸಳಿ (ಕರಿದ ಆಲೂಗಡ್ಡೆ ಎಳೆ) ಇವುಗಳಿಗೆ ಗೋಧಿ ಹಾಕುವುದಿಲ್ಲ, ಉಪವಾಸಕ್ಕೆ ಅದು ವರ್ಜ್ಯ. ಆದರೂ ಅಲರ್ಜಿ ಸಾಲು ಓದಿಯೇ ಕೊಳ್ಳಿ.

ಡಬ್ಬಿಯಿಂದ ತೂಗಿಕೊಡುವ ಬಿಡಿ ಫರ್ಸಾಣ್ (ಕರಿದ ಖಾರದ ತಿಂಡಿ) ಮಾತ್ರ ಖಂಡಿತ ಬೇಡ. ಬಾಳೆಕಾಯಿ ಚಿಪ್ಸ್ ಕರಿದ ಎಣ್ಣೆಯಲ್ಲೇ ಸಮೋಸಾ ಬೆಂದಿರುತ್ತದೆ, ಕಾದ ಎಣ್ಣೆಯಿಂದ ಗ್ಲುಟೆನ್ ಹೋಗುವುದಿಲ್ಲ. ತಿಂದು ಏನೂ ಆಗಲಿಲ್ಲ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಡಿ; ಹೊಟ್ಟೆನೋವಿಲ್ಲದೆಯೂ ಕರುಳಿಗೆ ಏಟು ಬೀಳುತ್ತದೆ.

ಹೀಗೆ ಓದಿ ಆರಿಸಿದ ತಿಂಡಿಯ ಹಿಂಬದಿಯ ಫೋಟೋ ಫೋನಿನಲ್ಲಿ ಇಟ್ಟುಕೊಂಡು, ಮುಂದಿನ ಸಲ ಕೊಳ್ಳುವಾಗ ಹೊಸ ಪ್ಯಾಕೆಟ್ಟಿನ ಜೊತೆ ತಾಳೆ ನೋಡಿ. ಪದಾರ್ಥಗಳು ಹೇಳದೆಯೇ ಬದಲಾಗುತ್ತವೆ.