ಕಟ್‌ಆಫ್ ಇಲ್ಲದ ಕಡೆ ಕಾಲೇಜಿನ ಲೆಕ್ಕ: ಕ್ಯಾಲಿಫೋರ್ನಿಯಾಕ್ಕೆ ಹೊಸದಾಗಿ ಬಂದ ಕನ್ನಡ ಕುಟುಂಬಗಳಿಗೆ ಮಾರ್ಗದರ್ಶಿ

ಹೈಸ್ಕೂಲು ಓದುವ ಮಕ್ಕಳೊಂದಿಗೆ ಕರ್ನಾಟಕದಿಂದ ಬಂದ ತಂದೆತಾಯಿಯರು ನಮ್ಮ ಸಂಘದವರನ್ನು ಪದೇ ಪದೇ ಕೇಳುವ ಪ್ರಶ್ನೆ ಒಂದು: ಬರ್ಕ್ಲಿಗೆ ಎಷ್ಟು ಅಂಕ ಬೇಕು? ಕೇಳುವುದು ಸಹಜ. ಊರಿನಲ್ಲಿ ಸಿಇಟಿ ರ‍್ಯಾಂಕ್ ಬಂದ ಸಂಜೆಯೇ ಹಿಂದಿನ ವರ್ಷದ ಕಟ್‌ಆಫ್ ಪಟ್ಟಿ ತೆರೆದು, ಯಾವ ಕಾಲೇಜಿನಲ್ಲಿ ಯಾವ ಬ್ರಾಂಚ್ ಸಿಗಬಹುದು ಎಂದು ಮನೆಯಲ್ಲೇ ಕುಳಿತು ಹೇಳಬಹುದು. ಇಲ್ಲಿ ಆಯ್ದು ಪ್ರವೇಶ ಕೊಡುವ ಕಾಲೇಜುಗಳಿಗೆ ಅಂಥ ಪಟ್ಟಿ ಇಲ್ಲ. ಬರ್ಕ್ಲಿ, ಯುಸಿಎಲ್‌ಎ ಮೊದಲಾದ ಕ್ಯಾಂಪಸ್ಸುಗಳಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ, ಅಂದರೆ ಯುಸಿ, ಅರ್ಜಿಯನ್ನು 13 ಅಂಶಗಳ ಮೇಲೆ ತೂಗುತ್ತದೆ. ಅಂಕ ಅವುಗಳಲ್ಲಿ ಮುಖ್ಯವಾದದ್ದೇ, ಆದರೆ ಅದೊಂದೇ ನಿರ್ಧರಿಸುವುದಿಲ್ಲ. ಆದ್ದರಿಂದ ಯಾರೂ ನಿಮಗೆ ಖಚಿತ ಉತ್ತರ ಕೊಡಲಾರರು. ಹಣ ಪಡೆದು ಖಾತರಿ ಕೊಡುತ್ತೇವೆ ಎನ್ನುವ ಸಲಹೆಗಾರರಿಂದ ದಯವಿಟ್ಟು ದೂರವಿರಿ.

ಹಾಗೆಂದು ಎಲ್ಲವೂ ಅದೃಷ್ಟಕ್ಕೆ ಬಿಟ್ಟದ್ದೂ ಅಲ್ಲ. ಒಂದು ಮಗುವಿನ ಸಾಧ್ಯತೆಯನ್ನು ಸಾಕಷ್ಟು ಪ್ರಾಮಾಣಿಕವಾಗಿ ಅಂದಾಜಿಸಬಹುದು. ಅದಕ್ಕೆ ಕಾಲೇಜಿನ ಒಟ್ಟಾರೆ ಪ್ರವೇಶ ಪ್ರಮಾಣ ಸಾಲದು. ಮಗು ಓದುತ್ತಿರುವ ಶಾಲೆ, ಆರಿಸಿಕೊಳ್ಳುವ ವಿಷಯ, ನಿಮ್ಮ ವೀಸಾ ಮತ್ತು ಹಣದ ಸ್ಥಿತಿ, ಇವು ಸೇರಿದರೆ ಮಾತ್ರ ಲೆಕ್ಕ ನಿಮ್ಮದಾಗುತ್ತದೆ.

ಶಾಲೆಗೆ ಸೇರಿಸುವ ದಿನವೇ

ಲೆಕ್ಕ ಆರಂಭವಾಗುವುದು 12 ನೇ ತರಗತಿಯಲ್ಲಿ ಎಂದು ನಂಬಿ ಬಹಳ ಕುಟುಂಬಗಳು ನಷ್ಟ ಅನುಭವಿಸುತ್ತವೆ. ಇಲ್ಲಿ ಹೈಸ್ಕೂಲು ಎಂದರೆ 9 ರಿಂದ 12 ರವರೆಗಿನ ನಾಲ್ಕು ವರ್ಷ. ಕೊನೆಯ ಒಂದು ಪರೀಕ್ಷೆ ಎಲ್ಲವನ್ನೂ ತೀರ್ಮಾನಿಸುವ ಪದ್ಧತಿ ಇಲ್ಲ. ಪ್ರತಿ ಸೆಮಿಸ್ಟರಿನ ಗ್ರೇಡ್ ಟ್ರಾನ್ಸ್‌ಕ್ರಿಪ್ಟ್ ಎಂಬ ಅಧಿಕೃತ ಅಂಕ ದಾಖಲೆಯಲ್ಲಿ ಉಳಿಯುತ್ತದೆ.

ಮೊದಲು ಎಚ್ಚರ ವಹಿಸಬೇಕಾದದ್ದು ಗಣಿತದ ವಿಷಯದಲ್ಲಿ. ಇಲ್ಲಿಯ ಬಹುತೇಕ ಶಾಲೆಗಳಲ್ಲಿ ಆಲ್ಜೀಬ್ರಾ 1, ಜಿಯೊಮೆಟ್ರಿ, ಆಲ್ಜೀಬ್ರಾ 2, ಪ್ರಿಕ್ಯಾಲ್ಕುಲಸ್, ಕ್ಯಾಲ್ಕುಲಸ್ ಎಂಬ ಮೆಟ್ಟಿಲುಗಳಿವೆ. ನಮ್ಮ ಪಠ್ಯದಲ್ಲಿ ಬೀಜಗಣಿತ, ರೇಖಾಗಣಿತ, ತ್ರಿಕೋನಮಿತಿ ಒಂದೇ ಪುಸ್ತಕದಲ್ಲಿ ಬೆರೆತಿರುವುದರಿಂದ ಅಂಕಪಟ್ಟಿಯಲ್ಲಿ ಬರಿಯ "ಗಣಿತ" ಎಂದಿರುತ್ತದೆ. ಅದನ್ನು ನೋಡಿದ ಕೌನ್ಸೆಲರ್ (ಕೋರ್ಸು ಆರಿಸಲು ನೆರವಾಗುವ ಶಾಲೆಯ ಸಿಬ್ಬಂದಿ), ಎಲ್ಲಿಗೆ ಸೇರಿಸಬೇಕೆಂದು ತಿಳಿಯದೆ, ಮಗುವನ್ನು ಒಂದೋ ಎರಡೋ ಮೆಟ್ಟಿಲು ಕೆಳಗೆ ಕೂರಿಸಬಹುದು. 10 ನೇ ತರಗತಿಯಲ್ಲಿ ಜಿಯೊಮೆಟ್ರಿಗೆ ಬಿದ್ದ ಮಗು ಮಾಮೂಲು ಓಟದಲ್ಲಿ 12 ರ ಹೊತ್ತಿಗೆ ಪ್ರಿಕ್ಯಾಲ್ಕುಲಸ್ ಮಾತ್ರ ತಲುಪುತ್ತದೆ. ಎಂಜಿನಿಯರಿಂಗ್ ಬಯಸುವವರಿಗೆ ಇದು ದೊಡ್ಡ ಹಿನ್ನಡೆ. ಆದ್ದರಿಂದ ಊರಿನಿಂದ ಬರುವಾಗ ಪಠ್ಯಪುಸ್ತಕ, ಪಠ್ಯಕ್ರಮದ ಪ್ರತಿ, ಎಲ್ಲ ವರ್ಷಗಳ ಮೂಲ ಅಂಕಪಟ್ಟಿ ತನ್ನಿ; ಗಣಿತದ ಹಂತ ನಿರ್ಧರಿಸುವ ಪರೀಕ್ಷೆಯನ್ನು ವಿನಯದಿಂದ, ಆದರೆ ಪಟ್ಟು ಬಿಡದೆ ಕೇಳಿ. ಒಬ್ಬ ಕೌನ್ಸೆಲರ್ ನಾಲ್ಕೈದು ನೂರು ಮಕ್ಕಳನ್ನು ನೋಡಿಕೊಳ್ಳುವುದು ಇಲ್ಲಿ ಸಾಮಾನ್ಯ. ನೀವು ಕೇಳದಿದ್ದರೆ ಅವರಾಗಿಯೇ ಗಮನಿಸುತ್ತಾರೆ ಎಂದು ಕಾಯಬೇಡಿ.

ಭಾಷಾ ವಿಷಯವೂ ಹಾಗೆಯೇ. ಯುಸಿ ಇಂಗ್ಲಿಷ್ ಅಲ್ಲದ ಭಾಷೆಯಲ್ಲಿ ಎರಡು ವರ್ಷದ ಓದನ್ನು ಕೇಳುತ್ತದೆ. ಆರನೇ ತರಗತಿಯಿಂದ ಮೇಲೆ ಕನ್ನಡ ಮಾಧ್ಯಮದಲ್ಲಿ ಎರಡು ವರ್ಷ ಓದಿದ ಮಗುವಿಗೆ ಅದು ಪೂರೈಸಿದಂತೆ ಆಗಬಹುದು. ಇಂಗ್ಲಿಷ್ ಮಾಧ್ಯಮದಲ್ಲಿ ಕನ್ನಡವನ್ನು ಒಂದು ಭಾಷೆಯಾಗಿ ಓದಿದ್ದರೂ ಕೌನ್ಸೆಲರನ್ನು ಕೇಳಿ ನೋಡಿ.

ಅಂಕವನ್ನು ಅವರ ಕಣ್ಣಿನಿಂದ ಓದುವುದು

ಯುಸಿ ಗೆ "ಎ-ಜಿ" ಎಂದು ಕರೆಯುವ ಏಳು ವಿಷಯ ಗುಂಪುಗಳಿಂದ 15 ಕೋರ್ಸುಗಳು ಬೇಕು. ಅವುಗಳಲ್ಲಿ 11 ಕೋರ್ಸುಗಳು 12 ನೇ ತರಗತಿಗೆ ಮುಂಚೆ ಮುಗಿದಿರಬೇಕು. ಅದರ ಜಿಪಿಎ, ಅಂದರೆ ಗ್ರೇಡುಗಳ ಸರಾಸರಿಯ, ಲೆಕ್ಕಕ್ಕೆ ಬರುವುದು 9 ರ ನಂತರದ ಬೇಸಿಗೆಯಿಂದ 11 ರ ನಂತರದ ಬೇಸಿಗೆಯವರೆಗಿನ ಗ್ರೇಡುಗಳು ಮಾತ್ರ. ಒಂಬತ್ತನೇ ತರಗತಿಯಲ್ಲಿ ಬಂದು ಹೊಸ ಉಚ್ಚಾರಣೆ, ಹೊಸ ಗೆಳೆಯರ ನಡುವೆ ತಡಬಡಾಯಿಸಿದ ಮಗುವಿಗೆ ಇದು ನಿಜವಾದ ಸಮಾಧಾನ: ಆ ವರ್ಷ ಸಿ ಅಥವಾ ಅದಕ್ಕಿಂತ ಮೇಲಿನ ಗ್ರೇಡ್ ಇದ್ದರೆ ಸಾಕು, ಸರಾಸರಿಗೆ ಪೆಟ್ಟು ಬೀಳುವುದಿಲ್ಲ. ಖಾಸಗಿ ಕಾಲೇಜುಗಳು ಮಾತ್ರ ನಾಲ್ಕೂ ವರ್ಷ ನೋಡುತ್ತವೆ. ಯುಸಿ ಯಲ್ಲಿ ಎ-ಮೈನಸ್ ಕೂಡ ಎ ಆಗಿಯೇ 4 ಅಂಕ ಪಡೆಯುತ್ತದೆ; ಬಿ ಗೆ 3 ಅಂಕ. ಕಾಲೇಜು ಮಟ್ಟದ ಪಾಠವಾದ ಎಪಿ ಮತ್ತು ಮಾನ್ಯತೆ ಪಡೆದ ಆನರ್ಸ್ ಕೋರ್ಸಿಗೆ ಒಂದು ಅಂಕ ಹೆಚ್ಚು, ಆದರೆ ಒಟ್ಟು ಎಂಟು ಸೆಮಿಸ್ಟರಿಗೆ ಮಾತ್ರ, ಅದರಲ್ಲೂ 10 ನೇ ತರಗತಿಯಿಂದ ನಾಲ್ಕಕ್ಕಿಂತ ಹೆಚ್ಚಿಲ್ಲ.

ಊರಿನಲ್ಲಿ ಓದಿದ ವರ್ಷಗಳ ಅಂಕಗಳನ್ನು ಅರ್ಜಿಯಲ್ಲಿ ಇದ್ದಂತೆಯೇ ಬರೆಯಿರಿ. ಶೇಕಡಾ 82 ನ್ನು ನೀವೇ ಬಿ ಎಂದು ಪರಿವರ್ತಿಸಲು ಹೋಗಬೇಡಿ. ಬೇರೆ ದೇಶಗಳ ಅಂಕಪದ್ಧತಿ ಓದುವವರಿಗೆ ಗೊತ್ತಿರುತ್ತದೆ.

ಎಸ್‌ಎಟಿ ಎಂಬ ಕಾಲೇಜು ಪ್ರವೇಶ ಪರೀಕ್ಷೆಯ ಬಗ್ಗೆ: ಯುಸಿ ಮತ್ತು ರಾಜ್ಯದ ಇನ್ನೊಂದು ಸರ್ಕಾರಿ ವಿಶ್ವವಿದ್ಯಾಲಯವಾದ ಕ್ಯಾಲ್ ಸ್ಟೇಟ್ ಎರಡೂ ಪ್ರವೇಶಕ್ಕೆ ಅದನ್ನು ನೋಡುವುದೇ ಇಲ್ಲ. ಇವೆರಡಕ್ಕೇ ಅರ್ಜಿ ಹಾಕುವವರು ಕೋಚಿಂಗಿಗೆ ಸಾವಿರಾರು ಡಾಲರ್ ಸುರಿಯುವುದು ವ್ಯರ್ಥ. ಹೊರ ರಾಜ್ಯ ಅಥವಾ ಖಾಸಗಿ ಕಾಲೇಜು ಮನಸ್ಸಿನಲ್ಲಿದ್ದರೆ ಮಾತು ಬೇರೆ. ಎಂಐಟಿ 2022 ರಲ್ಲೇ ಪರೀಕ್ಷೆಯನ್ನು ಮರಳಿ ತಂದಿತು. ಹಾರ್ವರ್ಡ್, ಡಾರ್ಟ್‌ಮತ್, ಬ್ರೌನ್, ಕ್ಯಾಲ್‌ಟೆಕ್, ಸ್ಟ್ಯಾನ್‌ಫರ್ಡ್ ಅನಂತರ ಅದೇ ದಾರಿ ಹಿಡಿದವು.

ಒಂದು ಲೆಕ್ಕ ಹಾಕಿ ನೋಡೋಣ

ಮೈಸೂರಿನಲ್ಲಿ 9 ನೇ ತರಗತಿ ಮುಗಿಸಿ, 10 ಕ್ಕೆ ಸ್ಯಾನ್ ಹೋಸೆಯ ಸರ್ಕಾರಿ ಹೈಸ್ಕೂಲಿಗೆ ಸೇರಿದ ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳಿ. 10 ಮತ್ತು 11 ರಲ್ಲಿ ವರ್ಷಕ್ಕೆ ಏಳು ಎ-ಜಿ ಕೋರ್ಸಿನಂತೆ ಅವಳಿಗೆ 28 ಸೆಮಿಸ್ಟರ್ ಗ್ರೇಡುಗಳಿವೆ: 24 ಎ, 4 ಬಿ. ಅಂದರೆ 108 ಅಂಕ, ಸರಾಸರಿ 3.86. ಎಂಟು ಹೆಚ್ಚುವರಿ ಅಂಕಗಳನ್ನು ಸೇರಿಸಿದರೆ 116, ಸರಾಸರಿ 4.14. ಅವಳಿಗೆ ಕಂಪ್ಯೂಟರ್ ವಿಜ್ಞಾನ ಬೇಕು.

ನಮ್ಮ ಕಣ್ಣಿಗೆ ಇದು ಬಹಳ ಒಳ್ಳೆಯ ಫಲಿತಾಂಶ, ನಿಜಕ್ಕೂ ಒಳ್ಳೆಯದೇ. ಆದರೆ ಯುಸಿಎಲ್‌ಎಗೆ ಒಂದು ವರ್ಷದಲ್ಲಿ ಸುಮಾರು ಒಂದೂವರೆ ಲಕ್ಷ ಹೊಸ ವಿದ್ಯಾರ್ಥಿಗಳು ಅರ್ಜಿ ಹಾಕುತ್ತಾರೆ. ಆಯ್ಕೆಯಾಗುವವರು ನೂರಕ್ಕೆ ಒಂಬತ್ತು ಮಂದಿ. ಆಯ್ಕೆಯಾದವರನ್ನು ಸರಾಸರಿಯ ಕ್ರಮದಲ್ಲಿ ನಿಲ್ಲಿಸಿದರೆ ಮಧ್ಯದಲ್ಲಿ ಬರುವ ಅರ್ಧದಷ್ಟು ಮಂದಿಯ ಸರಾಸರಿ 4.2 ರ ಆಸುಪಾಸಿನಿಂದ ಮೇಲಕ್ಕಿದೆ. ಅದರಲ್ಲೂ ಕಂಪ್ಯೂಟರ್ ವಿಜ್ಞಾನದ ಪ್ರಮಾಣ ಒಟ್ಟಾರೆ ಪ್ರಮಾಣಕ್ಕಿಂತ ತುಂಬಾ ಕಡಿಮೆ. ಬರ್ಕ್ಲಿಯಲ್ಲಿ 2023 ರಿಂದ ಈ ವಿಷಯಕ್ಕೆ ಸೇರುವಾಗಲೇ ಆಯ್ಕೆಯಾಗಬೇಕು. ಬೇರೆ ವಿಷಯ ಹೇಳಿ ಒಳಗೆ ಹೋಗಿ ಆಮೇಲೆ ಬದಲಿಸಿಕೊಳ್ಳುವ ಉಪಾಯ, ಸ್ನೇಹಿತರ ಮನೆಯ ಊಟದಲ್ಲಿ ಎಷ್ಟೇ ಕೇಳಿಬಂದರೂ, ಈಗ ನಂಬುವಂಥದ್ದಲ್ಲ.

ಹಾಗಾಗಿ ಯುಸಿಯ ಕ್ಯಾಂಪಸ್ಸುಗಳಲ್ಲಿ ಬರ್ಕ್ಲಿ, ಯುಸಿಎಲ್‌ಎ, ಸ್ಯಾನ್ ಡಿಯೇಗೊ ಇವಳಿಗೆ ದೂರದ ಗುರಿಗಳು. ಡೇವಿಸ್ ಮತ್ತು ಅರ್ವೈನ್ ಕೂಡ ಈ ವಿಷಯಕ್ಕೆ ಕಷ್ಟವೇ. ಸಾಂಟಾ ಕ್ರೂಸ್ ಸಮಬಲದ್ದು (ಸಿಗಲೂಬಹುದು, ಸಿಗದೆಯೂ ಇರಬಹುದು), ರಿವರ್‌ಸೈಡ್ ಅದಕ್ಕಿಂತ ಭರವಸೆಯದು, ಮರ್ಸೆಡ್ ಬಹುತೇಕ ಖಚಿತ. ಇಷ್ಟನ್ನು ನಾವು ಹೊರಗಿನಿಂದ ಹೇಳಬಹುದು. ಇನ್ನೂ ಹತ್ತಿರದ ಅಂದಾಜು ಬೇಕಾದರೆ ಯುಸಿಯ ಇನ್ಫೊ ಸೆಂಟರ್ ಎಂಬ ಅಂಕಿಅಂಶ ತಾಣದಲ್ಲಿ ನಿಮ್ಮ ಹೈಸ್ಕೂಲಿನ ಹೆಸರು ಹಾಕಿ ನೋಡಿ: ಆ ಶಾಲೆಯಿಂದ ಪ್ರತಿ ಕ್ಯಾಂಪಸ್ಸಿಗೆ ಎಷ್ಟು ಮಂದಿ ಅರ್ಜಿ ಹಾಕಿದರು, ಎಷ್ಟು ಮಂದಿ ಆಯ್ಕೆಯಾದರು, ಅವರ ಸರಾಸರಿ ಎಷ್ಟಿತ್ತು ಎಂಬುದು ವರ್ಷವಾರು ಸಿಗುತ್ತದೆ. ಯುಸಿ ಮಗುವನ್ನು ಅದರ ಶಾಲೆಯಲ್ಲಿ ದೊರೆಯುವ ಅವಕಾಶಗಳ ಹಿನ್ನೆಲೆಯಲ್ಲಿ ಅಳೆಯುವುದರಿಂದ, ಇಡೀ ರಾಜ್ಯದ ಅಂಕಿಗಿಂತ ಇದಕ್ಕೆ ಬೆಲೆ ಹೆಚ್ಚು. ಕ್ಯುಪರ್ಟಿನೊದ ಪೈಪೋಟಿಯ ಶಾಲೆಯಲ್ಲಿ 4.14 ಮತ್ತು ಎಪಿ ಕೋರ್ಸುಗಳೇ ಕಡಿಮೆಯಿರುವ ಶಾಲೆಯಲ್ಲಿ 4.14 ಒಂದೇ ಅಲ್ಲ. "ಒಳ್ಳೆಯ ಶಾಲೆ" ಎಂದು ದುಬಾರಿ ಬಾಡಿಗೆಯ ಬಡಾವಣೆಗೆ ಧಾವಿಸುವ ಮುನ್ನ ಇದನ್ನು ಯೋಚಿಸಿ. ರಾಜ್ಯದ ನಿವಾಸಿಯಾದ ಮಗು ತನ್ನ ಶಾಲೆಯ ಮೇಲಿನ ಶೇಕಡಾ 9 ರಲ್ಲಿದ್ದರೆ, ಕೇಳಿದ ಯಾವ ಕ್ಯಾಂಪಸ್ಸೂ ಸಿಗದಾಗ ಸ್ಥಳವಿರುವ ಬೇರೆ ಯುಸಿ ಕ್ಯಾಂಪಸ್ಸಿನಲ್ಲಿ ಅದಕ್ಕೆ ಜಾಗ ಕೊಡುವ ಭರವಸೆಯೂ ಇದೆ.

ಕಟ್‌ಆಫ್ ಪಟ್ಟಿಗೆ ಹತ್ತಿರವಾದದ್ದನ್ನು ನೋಡಲೇಬೇಕೆಂದಿದ್ದರೆ ಕ್ಯಾಲ್ ಸ್ಟೇಟಿನ ಸ್ಯಾನ್ ಹೋಸೆ ಸ್ಟೇಟ್ ಇದೆ. ಯಾವ ವಿಷಯಕ್ಕೆ, ಗ್ರೇಡ್ ಮೊದಲಾದವುಗಳಿಂದ ಲೆಕ್ಕ ಹಾಕಿದ ಯಾವ ಸೂಚ್ಯಂಕದವರೆಗೆ ಪ್ರವೇಶ ಕೊಟ್ಟೆವು ಎಂದು ಅದು ಪ್ರಕಟಿಸುತ್ತದೆ. ಸಿಲಿಕಾನ್ ಕಣಿವೆಯ ಕಂಪನಿಗಳಲ್ಲಿ ಅಲ್ಲಿಯ ಪದವೀಧರರು ತುಂಬಿದ್ದಾರೆ. ಅದನ್ನು ಕೀಳಾಗಿ ಕಾಣುವುದು ನಮ್ಮವರು ಬಿಡಬೇಕಾದ ಚಟ.

ಖಾಸಗಿ ಕಾಲೇಜುಗಳು

ಹಾರ್ವರ್ಡ್, ಸ್ಟ್ಯಾನ್‌ಫರ್ಡ್, ಎಂಐಟಿ ನೂರಕ್ಕೆ ಐವರನ್ನೂ ತೆಗೆದುಕೊಳ್ಳುವುದಿಲ್ಲ. ಎಷ್ಟೇ ಪ್ರತಿಭಾವಂತ ಮಗುವಿಗೂ ಇವು ದೂರದ ಗುರಿಗಳೇ. ಬಹಳಷ್ಟು ಕಾಲೇಜುಗಳು ಬಿಡುಗಡೆ ಮಾಡುವ "ಕಾಮನ್ ಡೇಟಾ ಸೆಟ್" ಎಂಬ ದಾಖಲೆಯ ಸಿ-7 ಕೋಷ್ಟಕ ನೋಡಿ; ಗ್ರೇಡ್, ಪ್ರಬಂಧ, ಶಿಫಾರಸು, ಹಳೆಯ ವಿದ್ಯಾರ್ಥಿಯ ಸಂಬಂಧ, ಇವುಗಳಲ್ಲಿ ಯಾವುದಕ್ಕೆ ಎಷ್ಟು ತೂಕ ಎಂದು ಅಲ್ಲಿ ಬರೆದಿರುತ್ತದೆ. ಸಿ-9 ರಲ್ಲಿ ಎಸ್‌ಎಟಿ ಅಂಕಗಳ ವ್ಯಾಪ್ತಿ ಇರುತ್ತದೆ. ಪರೀಕ್ಷೆ ಐಚ್ಛಿಕವಾಗಿರುವ ಕಡೆ ಹೆಚ್ಚು ಅಂಕ ಬಂದವರೇ ಅದನ್ನು ಕಳುಹಿಸುವುದರಿಂದ ಆ ವ್ಯಾಪ್ತಿ ಉಬ್ಬಿರುತ್ತದೆ. ಕೆಳ ತುದಿಯ ಅಂಕಕ್ಕೆ ಆಯ್ಕೆಯಾದವರಲ್ಲಿ ಕ್ರೀಡೆಗಾಗಿ ಆರಿಸಿಕೊಂಡವರೂ ಇರುತ್ತಾರೆ. ಆದ್ದರಿಂದ ಮೇಲಿನ ಅರ್ಧದಲ್ಲಿದ್ದರೆ ಮಾತ್ರ ಅದನ್ನು ಅನುಕೂಲ ಎಂದುಕೊಳ್ಳಿ.

ಇನ್ನೊಂದು ಭ್ರಮೆ ಹತ್ತು ಕಡೆ ಹಾಕಿದರೆ ಒಂದಾದರೂ ಬಂದೇ ಬರುತ್ತದೆ ಎಂಬುದು. ಶೇಕಡಾ 5 ರ ಸಾಧ್ಯತೆಯ ಹತ್ತು ಕಾಲೇಜುಗಳು ಒಂದಕ್ಕೊಂದು ಸಂಬಂಧವಿಲ್ಲದವಾಗಿದ್ದರೆ, ಒಂದಾದರೂ ಸಿಗುವ ಸಾಧ್ಯತೆ ಶೇಕಡಾ 40. ಆದರೆ ಹತ್ತೂ ಕಡೆ ಓದುವುದು ಅದೇ ಟ್ರಾನ್ಸ್‌ಕ್ರಿಪ್ಟ್, ಅದೇ ಶಿಫಾರಸು ಪತ್ರ. ಒಂದು ಕಡೆ ಕಂಡ ಕೊರತೆ ಉಳಿದ ಒಂಬತ್ತು ಕಡೆಯೂ ಕಾಣುತ್ತದೆ. ನಿಜವಾದ ಸಾಧ್ಯತೆ ಆ 40 ಕ್ಕಿಂತ ಕೆಳಗೇ ಇರುತ್ತದೆ.

ಚಟುವಟಿಕೆಗಳ ಪಟ್ಟಿಯಲ್ಲಿ ಊರಿನ ವರ್ಷಗಳನ್ನು ಬಿಡಬೇಡಿ. ಸಂಗೀತದ ಜೂನಿಯರ್ ಪರೀಕ್ಷೆ, ಎನ್‌ಸಿಸಿ, ಶಾಲೆಯ ಖೋ ಖೋ ತಂಡ, ಮನೆಯಲ್ಲಿ ತಂಗಿಯನ್ನು ನೋಡಿಕೊಳ್ಳುವ ಹೊಣೆ, ಎಲ್ಲಕ್ಕೂ ಅಲ್ಲಿ ಸ್ಥಾನವಿದೆ. ಯುಸಿ ಎಂಟು ಪ್ರಶ್ನೆಗಳಲ್ಲಿ ನಾಲ್ಕಕ್ಕೆ ತಲಾ 350 ಪದಗಳೊಳಗೆ ಉತ್ತರ ಕೇಳುತ್ತದೆ. ಅವುಗಳನ್ನು ಮಗುವೇ ಬರೆಯಲಿ. ದೊಡ್ಡವರು ತಿದ್ದಿ ನುಣುಪಾಗಿಸಿದ ಬರಹದಲ್ಲಿ ಮಗುವಿನ ದನಿ ಕಳೆದುಹೋಗುತ್ತದೆ, ಅದನ್ನು ಓದುವವರು ಗುರುತಿಸುತ್ತಾರೆ.

ವೀಸಾ ಮತ್ತು ಹಣ

ಬೇರೆಯವರ ಮಕ್ಕಳೊಂದಿಗೆ ನಿಮ್ಮ ಮಗುವನ್ನು ಹೋಲಿಸುವ ಮೊದಲು ಈ ಭಾಗ ಓದಿ. ಉದ್ಯೋಗ ವೀಸಾದವರ ಅವಲಂಬಿತರಿಗೆ ಕೊಡುವ ಎಚ್-4 ವೀಸಾದಲ್ಲಿರುವ ಮಗು ಸಂಬಳದ ಕೆಲಸ ಮಾಡುವಂತಿಲ್ಲ. ಅನೇಕ ಬೇಸಿಗೆ ಸಂಶೋಧನಾ ಕಾರ್ಯಕ್ರಮಗಳು ನಾಗರಿಕರಿಗೆ, ಗ್ರೀನ್ ಕಾರ್ಡ್ ಉಳ್ಳವರಿಗೆ ಮಾತ್ರ. ಸಂಬಳವಿಲ್ಲದ ಸ್ವಯಂಸೇವೆ, ಶಾಲೆಯ ಕ್ಲಬ್, ಸ್ವಂತ ಯೋಜನೆಗಳಿಂದ ಆ ಕೊರತೆ ತುಂಬಿಕೊಳ್ಳಬೇಕು. ಫೆಡರಲ್ ಆರ್ಥಿಕ ನೆರವು ಎಚ್-4 ಮಕ್ಕಳಿಗೆ ಇಲ್ಲ. ಬಹಳ ಖಾಸಗಿ ಕಾಲೇಜುಗಳು ನೆರವಿನ ವಿಷಯದಲ್ಲಿ ಇವರನ್ನು ವಿದೇಶಿ ವಿದ್ಯಾರ್ಥಿಗಳೆಂದೇ ಎಣಿಸುತ್ತವೆ. ನೆರವು ಕೇಳಿದರೆ ಪ್ರವೇಶದ ಸಾಧ್ಯತೆಯೇ ತಗ್ಗುವ ಕಾಲೇಜುಗಳೂ ಇವೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿಯಂಥ ಕೆಲವು ಮಾತ್ರ ವಿದೇಶಿಯರ ವಿಷಯದಲ್ಲೂ ನೆರವಿನ ಅಗತ್ಯವನ್ನು ಪ್ರವೇಶದ ತೀರ್ಮಾನಕ್ಕೆ ತರುವುದಿಲ್ಲ.

ಯುಸಿಯಲ್ಲಿ ಎಚ್-4 ಮಗು ನಿವಾಸಿ ಶುಲ್ಕಕ್ಕೆ ಅರ್ಹವಾಗಬಹುದು. ಅದಕ್ಕೆ ಕುಟುಂಬ ರಾಜ್ಯದಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಕಾಲ ನೆಲೆಸಿರಬೇಕು, ತೆರಿಗೆ, ಚಾಲನಾ ಪರವಾನಗಿ ಮೊದಲಾದ ದಾಖಲೆಗಳು ಆ ಉದ್ದೇಶವನ್ನು ತೋರಿಸಬೇಕು. ಅರ್ಹತೆ ಇಲ್ಲದಿದ್ದರೆ ಹೊರಗಿನವರಿಗೆ ವಿಧಿಸುವ ಹೆಚ್ಚುವರಿ ಶುಲ್ಕ, 2025 ರಲ್ಲಿ ಸೇರಿದವರಿಗೆ, ವರ್ಷಕ್ಕೆ 37,000 ಡಾಲರಿಗೂ ಹೆಚ್ಚು. ಮಗುವಿಗೆ 21 ತುಂಬಿದ ದಿನ ಎಚ್-4 ಮುಗಿಯುತ್ತದೆ. ಗ್ರೀನ್ ಕಾರ್ಡ್ ಸರದಿ ಭಾರತೀಯರಿಗೆ ಎಷ್ಟು ಉದ್ದವೆಂದು ನಿಮಗೆ ಗೊತ್ತೇ ಇದೆ. ಸಾಮಾನ್ಯವಾಗಿ ಕಾಲೇಜಿನ ಮೂರನೇ ವರ್ಷದ ಹೊತ್ತಿಗೆ ಎಫ್-1 ವಿದ್ಯಾರ್ಥಿ ವೀಸಾಗೆ ಬದಲಾಗಬೇಕಾಗುತ್ತದೆ, ಆಗ ನಿವಾಸಿ ಶುಲ್ಕದ ಪ್ರಶ್ನೆ ಮತ್ತೆ ಏಳುತ್ತದೆ. ಸೇರುವ ಮುನ್ನವೇ ಕ್ಯಾಂಪಸ್ಸಿನ ರೆಸಿಡೆನ್ಸಿ ಕಚೇರಿಗೆ ಬರೆದು ಕೇಳಿ, ವಲಸೆ ವಕೀಲರನ್ನೂ ಕಾಣಿ.

ಆಯ್ಕೆ ಮಾಡಿದರೆ ನಿಮ್ಮಲ್ಲಿಗೇ ಸೇರುತ್ತೇವೆ ಎಂದು ನವೆಂಬರಿನಲ್ಲೇ ಕಟ್ಟುಬೀಳುವ "ಅರ್ಲಿ ಡಿಸಿಷನ್" ಅರ್ಜಿಯಲ್ಲಿ ಪ್ರವೇಶ ಪ್ರಮಾಣ ಹೆಚ್ಚು ಕಾಣುತ್ತದೆ ಎಂದು ಮರುಳಾಗಬೇಡಿ. ಆಯ್ಕೆಯಾದರೆ ಬೇರೆ ಕಾಲೇಜುಗಳ ವೆಚ್ಚದೊಂದಿಗೆ ಹೋಲಿಸಿ ನೋಡುವ ಅವಕಾಶ ಕೈತಪ್ಪುತ್ತದೆ. ಹಲವು ಖಾಸಗಿ ಕಾಲೇಜುಗಳ ವಾರ್ಷಿಕ ಖರ್ಚು 90,000 ಡಾಲರ್ ದಾಟಿದೆ.

ಪಟ್ಟಿಯನ್ನು ಕೆಳಗಿನಿಂದ ಬರೆಯಿರಿ

ಸಿಇಟಿಯ ಆಪ್ಷನ್ ಎಂಟ್ರಿಯಲ್ಲಿ ಅತಿ ಬೇಕಾದದ್ದನ್ನು ಮೊದಲು ಬರೆದು ರೂಢಿ. ಇಲ್ಲಿ ಮೊದಲು ಬರೆಯಬೇಕಾದದ್ದು, ಖಚಿತವಾಗಿ ಸಿಗುವ, ಹಣ ಕೊಡಲು ಸಾಧ್ಯವಾಗುವ, ಮಗು ಸಂತೋಷದಿಂದ ಹೋಗಬಲ್ಲ ಒಂದು ಕಾಲೇಜು. ಮೂರನೆಯ ಷರತ್ತನ್ನು ನಮ್ಮವರು ಮರೆಯುತ್ತಾರೆ. ಮನಸ್ಸಿಲ್ಲದೆ ಸೇರಿಸಿದ ಹೆಸರು, ಫಲಿತಾಂಶಗಳು ಬರುವ ಮಾರ್ಚ್‌ನಲ್ಲಿ, ಯಾರಿಗೂ ನೆರವಾಗುವುದಿಲ್ಲ. ಆಮೇಲೆ ಸಮಬಲದ ನಾಲ್ಕೈದು, ಕೊನೆಗೆ ದೂರದ ಕೆಲವು.

ಆ ಮೊದಲ ಹೆಸರು ಕಮ್ಯುನಿಟಿ ಕಾಲೇಜು ಎಂಬ ಎರಡು ವರ್ಷದ ಸರ್ಕಾರಿ ಕಾಲೇಜೂ ಆಗಬಹುದು. ಡಿ ಆನ್ಜಾ, ಫುಟ್‌ಹಿಲ್‌ನಂಥ ಕಡೆ ಎರಡು ವರ್ಷ ಓದಿ, ನಿಗದಿಯಾದ ಕೋರ್ಸು ಮತ್ತು ಗ್ರೇಡ್ ಪೂರೈಸಿದವರಿಗೆ ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಸ್ ಎಂಬ ಯುಸಿ ಕ್ಯಾಂಪಸ್ಸುಗಳು ಪ್ರವೇಶದ ಲಿಖಿತ ಖಾತರಿ ಕೊಡುತ್ತವೆ. ಎಲ್ಲ ವಿಷಯಗಳಿಗೂ ಅದು ಅನ್ವಯಿಸುವುದಿಲ್ಲ. ಸಾಂಟಾ ಬಾರ್ಬರಾದ ಎಂಜಿನಿಯರಿಂಗ್ ಇದರ ಹೊರಗಿದೆ. 11 ನೇ ತರಗತಿಯಲ್ಲಿ ಬಂದು, ದಾಖಲೆ ಕಟ್ಟಿಕೊಳ್ಳಲು ಒಂದೂವರೆ ವರ್ಷವಷ್ಟೇ ಸಿಕ್ಕ ಮಗುವಿಗೆ ಇದಕ್ಕಿಂತ ನ್ಯಾಯವಾದ ದಾರಿ ನಮಗೆ ಕಂಡಿಲ್ಲ.

ಮಾರ್ಚ್ ತಿಂಗಳಲ್ಲಿ ನಮ್ಮ ಕಾರ್ಯಕ್ರಮಗಳಿಗೆ ಬಂದಾಗ ಬೇರೆಯವರ ಮಕ್ಕಳನ್ನು "ಎಲ್ಲಿ ಸಿಕ್ಕಿತು?" ಎಂದು ಕೇಳಬೇಡಿ ಎಂದು ಸಂಘದ ಪರವಾಗಿ ಕಳಕಳಿಯಿಂದ ಕೇಳಿಕೊಳ್ಳುತ್ತೇವೆ. ಅವರಾಗಿಯೇ ಹೇಳಿದರೆ ಯಾವ ಕಾಲೇಜಾದರೂ ಹರಸಿ. ಸೇರುವ ಕಾಲೇಜಿಗೆ ಒಪ್ಪಿಗೆ ತಿಳಿಸಿ ಮುಂಗಡ ಕಟ್ಟಲು ಸಾಮಾನ್ಯವಾಗಿ ಮೇ 1 ಕೊನೆಯ ದಿನ. ಕಾಯುವ ಪಟ್ಟಿಯಲ್ಲಿ ಹೆಸರಿದ್ದರೂ ಅಷ್ಟರೊಳಗೆ ಒಂದು ಕಡೆ ಮುಂಗಡ ಕಟ್ಟಿಯೇ ಇರಬೇಕು.