ಮೆಣಸು ಕೊಯ್ಯುವಾಗ ಹಸಿರು ಹಾವು ಕಂಡರೆ

ನಮ್ಮ ತೀರ್ಥಹಳ್ಳಿ ಕಡೆ ತೋಟಗಳಲ್ಲಿ ಹಸಿರು ಹಾವು ಹೊಸದೇನಲ್ಲ. ಆದರೂ ಕಾಳುಮೆಣಸು ಕೊಯ್ಯುವವರು ಅದು ಕಣ್ಣು ಕುಕ್ಕುತ್ತದೆ ಅಂತ ಏಣಿಯಿಂದ ಇಳಿದುಬಿಡುತ್ತಾರೆ. ಇಳಿಯುವುದು ಸರಿಯೇ, ಆದರೆ ಕಾರಣ ಬೇರೆ. ಬಿದಿರು ಮಂಡಲ ಅನ್ನುವ ಇನ್ನೊಂದು ಹಾವೂ ಹಸಿರೇ ಅಲ್ವಾ? ಅದರ ವಿಷ ಹುಡುಗಾಟವಲ್ಲ.

ಹಾಗಾಗಿ ಎರಡು ಮಾರು ದೂರ ನಿಂತು ಮೊದಲು ತಲೆ ನೋಡಿ. ಹಸಿರು ಹಾವಿನ ಮೂತಿ ಉದ್ದ, ಚೂಪು. ಮೈ ಬಳ್ಳಿಯಷ್ಟು ಸಪೂರ. ಮಂಡಲದ್ದು ಅಗಲ ತ್ರಿಕೋನ ತಲೆ, ಸಣ್ಣ ಕುತ್ತಿಗೆ, ದಪ್ಪ ಮೈ. ಮೊಬೈಲಿನಲ್ಲಿ ಜೂಮ್ ಮಾಡಿದರೆ ಕಣ್ಣೂ ಕಾಣುತ್ತದೆ. ಮಂಡಲದ ಪಾಪೆ ನೆಟ್ಟಗಿನ ಗೀರು, ಹಸಿರು ಹಾವಿನದು ಅಡ್ಡ ಗೀರು. ಕಣ್ಣಿನಿಂದ ಮೂತಿಯ ಕಡೆಗೆ ಒಂದು ತೋಡೂ ಇರುತ್ತದೆ. ಹೀಗಾಗಿ ಎರಡೂ ಕಣ್ಣು ನೇರ ಮುಂದಕ್ಕೆ ನೆಟ್ಟು, ಓತಿಕ್ಯಾತ ಎಷ್ಟು ದೂರವಿದೆ ಅಂತ ಅಳೆಯುತ್ತದೆ.

2020ರಲ್ಲಿ ಸಂಶೋಧಕರು ಹಸಿರು ಹಾವನ್ನು ಹಲವು ಜಾತಿಗಳಾಗಿ ಬಿಡಿಸಿದ್ದಾರೆ. ಏಣಿ ಮೇಲೆ ನಿಂತು ಅದನ್ನೆಲ್ಲ ಗುರುತಿಸಲು ಹೋಗಬೇಡಿ.

ಹಸಿರು ಹಾವೇ ಅಂತ ಖಾತ್ರಿಯಾದರೆ ಸ್ವಲ್ಪ ಹೊತ್ತು ಸುಮ್ನೆ ನಿಲ್ಲಿ. ಅದರ ಬೇಟೆ ಹಗಲಲ್ಲೇ. ಗಾಳಿಗೆ ತೂಗುವ ಚಿಗುರಿನಂತೆ ಮೈ ಆಡಿಸುತ್ತಾ ಮುಂದೆ ಬರುತ್ತದೆ. ಕಪ್ಪೆಯನ್ನೋ ಓತಿಯನ್ನೋ ಹಿಡಿದರೆ ಬಿಡುವುದೇ ಇಲ್ಲ. ವಿಷದ ಹಲ್ಲು ಬಾಯಿಯ ಹಿಂಭಾಗದಲ್ಲಿದೆ, ಅಗಿದು ಅಗಿದು ವಿಷ ಇಳಿಸಬೇಕು. ಒದ್ದಾಟ ನಿಂತ ಮೇಲೆ ನುಂಗುತ್ತದೆ. ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ.

ಎಲ್ಲಿದೆ ಅಂತ ಗೊತ್ತಾಗದಿದ್ದರೆ ಪಿಕಳಾರಗಳ ಗಲಾಟೆ ಕೇಳಿ. ಒಂದೇ ಪೊದೆಯ ಸುತ್ತ ಕಿರುಚುತ್ತಿದ್ದರೆ ಅಲ್ಲಿ ಏನೋ ಇದೆ. ರಾತ್ರಿ ಇನ್ನೂ ಸುಲಭ. ಕೊಂಬೆ ತುದಿಯಲ್ಲಿ ಮಲಗಿದ್ದು ಟಾರ್ಚಿಗೆ ಎದ್ದು ಕಾಣುತ್ತದೆ.

ಕುತ್ತಿಗೆ ಉಬ್ಬಿ ಚರ್ಮದಲ್ಲಿ ಕಪ್ಪು-ಬಿಳಿ ಪಟ್ಟೆ ಕಂಡರೆ, ಬಾಯಿ ಅಗಲವಾಗಿ ತೆರೆದರೆ ಹಿಂದೆ ಸರಿಯಿರಿ. ಅದು ಹೆದರಿದೆ. ಕಣ್ಣು ಕುಕ್ಕುವ ಕತೆ ಹುಟ್ಟಿದ್ದು ಇಲ್ಲಿಂದಲೇ ಇರಬೇಕು: ಪೊದೆಯಲ್ಲಿ ಅದು ಇರುವುದೇ ನಮ್ಮ ಮುಖದ ಎತ್ತರಕ್ಕೆ. ಕೊಯ್ಲಿಗೆ ಅಡ್ಡವಾಗಿದ್ದರೆ ದೋಟಿಯಿಂದ ಕೊಂಬೆ ಮೆಲ್ಲಗೆ ಅಲುಗಿಸಿ, ಹೋಗುತ್ತದೆ.

ಕಚ್ಚಿದರೆ ಸಾಮಾನ್ಯವಾಗಿ ಊತ, ನೋವು, ಜೋಮು. ಕೆಲವು ದಿನದಲ್ಲಿ ಇಳಿಯುತ್ತದೆ. ಆದರೂ ಉಂಗುರ, ಬಳೆ ತೆಗೆದು ಆಸ್ಪತ್ರೆಗೆ ಹೋಗಿ. ಗುರುತು ತಪ್ಪಿರಬಹುದು. ಬಿಗಿದು ಕಟ್ಟುವುದು, ಗಾಯ ಕೊಯ್ಯುವುದು ಬೇಡ. ಹಾವನ್ನು ಹಿಡಿದು ತರುವುದೂ ಬೇಡ, ದೂರದಿಂದ ತೆಗೆದ ಫೋಟೋ ಇದ್ದರೆ ಸಾಕು.