ವಿಡಿಯೊ ಮಾಡುವವರಿಗೆ ಒಂದು ಸಲಹೆ: ಧ್ವನಿ ವಿವರಣೆ ಸೇರಿಸಿ

ವಿಡಿಯೊ ಹಾಕುವ ಮೊದಲು ಒಂದು ಸಲ ಪರದೆ ನೋಡದೆ ಬರೀ ಕೇಳಿ. ಎಲ್ಲಿ ಏನಾಯಿತು ಅಂತ ಗೊತ್ತಾಗುವುದಿಲ್ಲವೋ ಅಲ್ಲಿ ಧ್ವನಿ ವಿವರಣೆ, ಅಂದರೆ ಆಡಿಯೊ ಡಿಸ್ಕ್ರಿಪ್ಷನ್ ಬೇಕು. ಕಣ್ಣಿಗೆ ಮಾತ್ರ ಸಿಗುವ ಮುಖ್ಯ ವಿಷಯವನ್ನು ದೃಷ್ಟಿ ಇಲ್ಲದವರಿಗಾಗಿ ಮಾತುಗಳ ನಡುವಿನ ಬಿಡುವಿನಲ್ಲಿ ಹೇಳುವ ದನಿ ಅದು. ಯಾರು ಬಂದರು, ಏನು ಮಾಡಿದರು, ಜಾಗ ಬದಲಾಯಿತಾ, ಪರದೆಯ ಮೇಲೆ ಏನು ಬರೆದಿದೆ. ಮಾತನ್ನು ಪರದೆಯ ಮೇಲೆ ಅಕ್ಷರದಲ್ಲಿ ತೋರಿಸುವ ಕ್ಯಾಪ್ಷನ್ ಬೇರೆ, ಅದು ಮುಖ್ಯವಾಗಿ ಕಿವಿ ಕೇಳದವರಿಗೆ.

ಕಂಡದ್ದನ್ನೆಲ್ಲ ಹೇಳಬೇಡಿ. ಗೋಡೆಯ ಬಣ್ಣಕ್ಕೂ ಕಥೆಗೂ ಸಂಬಂಧವಿಲ್ಲದಿದ್ದರೆ ಬಿಟ್ಟುಬಿಡಿ. ನಿಮ್ಮ ತೀರ್ಮಾನವನ್ನೂ ತುರುಕಬೇಡಿ. ‘ಅವಳಿಗೆ ಬೇಜಾರಾಗಿದೆ’ ಅನ್ನುವ ಬದಲು ‘ಪತ್ರ ಮಡಚಿಟ್ಟು ತಲೆ ತಗ್ಗಿಸುತ್ತಾಳೆ’ ಅನ್ನಿ. ಅರ್ಥ ಮಾಡಿಕೊಳ್ಳುವುದು ಕೇಳುವವರ ಹಕ್ಕು, ಅಲ್ವಾ? ಸಂಭಾಷಣೆ ನಡೆಯುವಾಗ ಅದರ ಮೇಲೆ ಮಾತಾಡಲೇಬೇಡಿ. ಬಿಡುವು ಸಾಲದಿದ್ದರೆ ದೃಶ್ಯವನ್ನು ಕೊಂಚ ನಿಲ್ಲಿಸಿ ವಿವರಿಸಬಹುದು.

ಪಾಠದ ವಿಡಿಯೊ ಆದರೆ ಇನ್ನೂ ಸುಲಭ. ರೆಕಾರ್ಡ್ ಮಾಡುವಾಗಲೇ ಬಾಯಿಬಿಟ್ಟು ಹೇಳಿ. ‘ಇಲ್ಲಿ ಒತ್ತಿ’ ಅಂದರೆ ಸಾಲದು. ‘“ಉಳಿಸಿ” ಅಂತ ಬರೆದಿರುವ ಬಟನ್ ಒತ್ತಿ’ ಅನ್ನಿ. ಎಲ್ಲವೂ ಮಾತಿನಲ್ಲೇ ಬಂದಿದ್ದರೆ ಬೇರೆ ವಿವರಣೆ ಬೇಕಾಗುವುದೇ ಇಲ್ಲ.

ಇದು ಸುಮ್ನೆ ಉಪಕಾರಕ್ಕೆ ಮಾಡುವ ಕೆಲಸ ಅಂದುಕೊಳ್ಳಬೇಡಿ. ಅಂಗವಿಕಲರೂ ವೆಬ್ ಬಳಸುವಂತಾಗಲು ರೂಪಿಸಿದ 2008ರ ಡಬ್ಲ್ಯುಸಿಎಜಿ 2.0 ಮಾನದಂಡದಲ್ಲಿ ಎಎ ಎಂಬ ಮಧ್ಯಮ ಮಟ್ಟ ತಲುಪಲು, ಮೊದಲೇ ರೆಕಾರ್ಡ್ ಮಾಡಿದ ವಿಡಿಯೊಗಳಿಗೆ ಇದು ಬೇಕೇ ಬೇಕು. ಸಾಧ್ಯವಾದರೆ ಹಾಕುವ ಮುಂಚೆ ದೃಷ್ಟಿ ಇಲ್ಲದ ಒಬ್ಬರಿಗೆ ಕೇಳಿಸಿ, ಎಲ್ಲಿ ಜಾಸ್ತಿಯಾಯಿತು, ಎಲ್ಲಿ ಕಡಿಮೆಯಾಯಿತು ಅಂತ ಅವರನ್ನೇ ಕೇಳಿ.